ಕೋತಿಗಳ ಹಿಂಡು ಮನೆಗೆ ಬಂದರೆ ಏನು ಮಾಡಬೇಕು?

ಬೆಂಗಳೂರು, ಮೈಸೂರಿನ ಬಡಾವಣೆಗಳಿಗೆ ಬರುವ ಕೋತಿಗೆ ದಕ್ಷಿಣ ಭಾರತವೇ ತವರು. ನೆತ್ತಿಯಲ್ಲಿ ಸುಳಿಯಾಗಿ ಹರಡಿದ, ಟೋಪಿಯಂತೆ ಕಾಣುವ ಕೂದಲು ಇದರ ಗುರುತು. ಕಪ್ಪು ಮುಖದ ಮುಸುವ ಬೇರೆ. ರಸ್ತೆ ಅಗಲಿಸಲು ಸಾಲುಮರಗಳ ಆಲ, ಅತ್ತಿ, ಗೋಣಿಗಳನ್ನು ಉರುಳಿಸಿದ್ದು ನಾವು. ಹಣ್ಣು ಕೊಡುತ್ತಿದ್ದ ಮರ ಹೋದ ಮೇಲೆ ಕೋತಿ ತಾರಸಿಗೆ ಬರದೆ ಎಲ್ಲಿಗೆ ಹೋಗಬೇಕು?

ಮೊದಲು ಮನೆಯ ಸುತ್ತ ಒಂದು ಸುತ್ತು ಹಾಕಿ, ಕೋತಿಗೆ ಏನೇನು ಸಿಗುತ್ತಿದೆ ಎಂದು ನೋಡಿ. ಮುಚ್ಚಳ ಸರಿಯಿಲ್ಲದ ಹಸಿ ಕಸದ ಬುಟ್ಟಿ, ಕಿಟಕಿಯ ಪಕ್ಕದ ಬಾಳೆಹಣ್ಣು, ತಾರಸಿಯಲ್ಲಿ ಒಣಹಾಕಿದ ಹಪ್ಪಳ, ಬಾಯ್ತೆರೆದ ನೀರಿನ ತೊಟ್ಟಿ. ಬುಟ್ಟಿಗೆ ಬಿಗಿಯಾದ ಮುಚ್ಚಳ ಹಾಕಿ, ಕಸದ ಗಾಡಿ ಬರುವವರೆಗೂ ಒಳಗೇ ಇಡಿ. ಅಡುಗೆಮನೆಯ ಕಿಟಕಿಗೆ ಗಟ್ಟಿ ತಂತಿಜಾಲರಿ ಬೇಕು. ಸೊಳ್ಳೆಪರದೆಯನ್ನು ಕೋತಿ ಸುಲಭವಾಗಿ ಹರಿಯುತ್ತದೆ. ಒಂದೇ ಮನೆಯವರು ಮಾಡಿದರೆ ಸಾಲದು, ಇಡೀ ಬೀದಿ ಕೈಜೋಡಿಸಬೇಕು.

ಎರಡನೆಯದು, ಕೈಯಾರೆ ತಿನ್ನಿಸುವುದನ್ನು ಬಿಡುವುದು. ಶನಿವಾರ ಆಂಜನೇಯನ ಹೆಸರಿನಲ್ಲಿ ಹಣ್ಣು ಕೊಡುವವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಹಾಗೆ ತಿಂದು ರೂಢಿಯಾದ ಕೋತಿ ನಾಳೆ ಶಾಲೆಯ ಮಗುವಿನ ಚೀಲಕ್ಕೆ ಕೈಹಾಕುತ್ತದೆ, ಆಮೇಲೆ ಏಟು ತಿನ್ನುವುದೂ ಅದೇ.

ಎದುರಿಗೇ ಬಂದರೆ ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಹಲ್ಲು ಕಾಣುವಂತೆ ನಗಬೇಡಿ. ದಿಟ್ಟಿಸುವುದೆಂದರೆ ಅದಕ್ಕೆ ಬೆದರಿಕೆ. ಬಾಯಗಲಿಸಿ ಹುಬ್ಬೇರಿಸಿದರೆ ಅದೂ ನಿಮ್ಮನ್ನು ಬೆದರಿಸುತ್ತಿದೆ. ತುಟಿ ಹಿಂದೆಳೆದು ಹಲ್ಲು ತೋರಿದರೆ ಬಹುಮಟ್ಟಿಗೆ ಹೆದರಿದೆ. ಬೆನ್ನು ತಿರುಗಿಸಿ ಓಡದೆ ನಿಧಾನವಾಗಿ ಹಿಂದೆ ಸರಿಯಿರಿ. ಹೊರಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ. ಮರಿ ಹೊತ್ತ ತಾಯಿಯಿದ್ದರೆ ಇನ್ನಷ್ಟು ದೂರವಿರಿ.

ಹಿಡಿಸಿ ಬೇರೆಡೆ ಬಿಡಿಸುವ ಯೋಚನೆ ಬೇಡವೇ ಬೇಡ. ಹೆಣ್ಣು ಕೋತಿ ಸಾಮಾನ್ಯವಾಗಿ ಹುಟ್ಟಿದ ಹಿಂಡಿನಲ್ಲೇ ಬಾಳುವ ಜೀವಿ. ಬೋನಿಗೆ ಬಿದ್ದ ತಾಯಿಯೊಂದು ಕಡೆ, ಮರಿಯೊಂದು ಕಡೆಯಾಗುವುದುಂಟು. ಗುರುತಿಲ್ಲದ ಕಾಡಿನಲ್ಲಿ ಬಿಟ್ಟವು ಹತ್ತಿರದ ಹಳ್ಳಿಯ ತೋಟಕ್ಕೇ ಇಳಿಯುತ್ತವೆ. ಇಲ್ಲಿ ಆಹಾರ ಸಿಗುತ್ತಲೇ ಇದ್ದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಹಿಂಡು ಬರುತ್ತದೆ. ತೊಂದರೆ ಮಿತಿಮೀರಿದರೆ ಅರಣ್ಯ ಇಲಾಖೆಗೆ ತಿಳಿಸಿ, ಖಾಸಗಿಯವರನ್ನು ಕರೆಸಬೇಡಿ.

ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ ಮೆತ್ತಬೇಡಿ. ಗಾಯ ಚಿಕ್ಕದೆಂದು ಸುಮ್ಮನಾಗದೆ ಅದೇ ದಿನ ಆಸ್ಪತ್ರೆಗೆ ಹೋಗಿ, ರೇಬಿಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.