ದುಡ್ಡು ಬರಬೇಕಾದರೆ ಪಿನ್ ಹಾಕಬೇಕಾಗಿಲ್ಲ

ನಮ್ಮ ಗುಂಪಿನಲ್ಲಿ ಮನೆಯಿಂದಲೇ ಬಟ್ಟೆ ಮಾರುವ ಅಕ್ಕಂದಿರು ಜಾಸ್ತಿ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಬಳ್ಳಾರಿಯ ನಮ್ಮ ಕಾಕಿ ಜೀನ್ಸ್ ಪ್ಯಾಂಟ್ ಫೋಟೋಗಳನ್ನು ಆನ್‌ಲೈನ್‌ನಲ್ಲಿ ಹಾಕಿದ್ದರು. ಒಬ್ಬ ಫೋನ್ ಮಾಡಿ, ಇಪ್ಪತ್ತು ಪ್ಯಾಂಟ್ ಬೇಕು, ಅಡ್ವಾನ್ಸ್ ಈಗಲೇ ಕೊಡುತ್ತೇನೆ ಅಂದ. ಚೌಕಾಸಿಯನ್ನೇ ಮಾಡಲಿಲ್ಲ. ವಾಟ್ಸಾಪ್‌ಗೆ ಕ್ಯೂಆರ್ ಕೋಡ್ ಕಳಿಸಿ, ‘ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಕ್ಕಾ, ದುಡ್ಡು ಬರುತ್ತೆ’ ಅಂದ. ಕಾಕಿ ಹಾಕಿಬಿಟ್ಟರು. 4,000 ರೂಪಾಯಿ ಹೋಯಿತು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಪಾಪ.

ಯುಪಿಐ ಪಿನ್ ಹಾಕಿದರೆ ನಮ್ಮ ಖಾತೆಯಿಂದ ದುಡ್ಡು ಹೋಗುತ್ತದೆ. ಬರುವ ದುಡ್ಡಿಗೆ ಪಿನ್ ಬೇಡ, ಸ್ಕ್ಯಾನ್ ಕೂಡ ಬೇಡ. ಬ್ಯಾಲೆನ್ಸ್ ನೋಡುವುದಕ್ಕೂ ಪಿನ್ ಕೇಳುತ್ತದೆ ನಿಜ, ಹಾಗಾಗಿ ಪರದೆ ಮೇಲೆ ಏನು ಬರೆದಿದೆ ಅಂತ ಓದಿಯೇ ಒತ್ತಿ. ಕೊಡುವವರಿದ್ದರೆ ನಮ್ಮ ನಂಬರ್‌ಗೆ ಸುಮ್ನೆ ಕಳಿಸಬಹುದು, ಅಲ್ವಾ?

ಕೊಳ್ಳುವಾಗಲೂ ಅಷ್ಟೇ. ತೀರಾ ಕಡಿಮೆ ಬೆಲೆಗೆ ಸೀರೆ ತೋರಿಸಿ ಪೂರ್ತಿ ದುಡ್ಡು ಮೊದಲೇ ಕೇಳಿದರೆ ಬಿಟ್ಟುಬಿಡಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಆ ಕಂಪನಿಯ ಆ್ಯಪ್ ಒಳಗೇ ನೋಡಿ. ಮದುವೆ ಕರೆಯೋಲೆ ಅಂತ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ, ಗೊತ್ತಿದ್ದವರೇ ಕಳಿಸಿದ್ದರೂ ತೆರೆಯಬೇಡಿ.

ಮೋಸ ಆಗಿಯೇಬಿಟ್ಟರೆ ನಾಚಿಕೆ ಪಟ್ಟುಕೊಂಡು ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ. ಮೆಸೇಜು, ಸ್ಕ್ರೀನ್‌ಶಾಟ್ ಅಳಿಸಬೇಡಿ, ದೂರಿಗೆ ಬೇಕಾಗುತ್ತವೆ.