ಕಚ್ಚಿಕೊಂಡ ಹ್ಯಾಂಡಲ್ ಬಿಡಿಸುವುದು ಹೇಗೆ?

ಸೈಕಲ್ ಹ್ಯಾಂಡಲ್ ಎತ್ತರಿಸಬೇಕೆಂದು ಮೇಲಿನ ಬೋಲ್ಟನ್ನು ಪೂರ್ತಿ ಬಿಚ್ಚಿ ಕೈಯಲ್ಲಿ ಹಿಡಿದು, ಆಮೇಲೆ ಹ್ಯಾಂಡಲ್ಲನ್ನು ಎಳೆದಾಡುವವರೇ ಜಾಸ್ತಿ. ಕೆಲಸ ಕೆಡುವುದು ಅಲ್ಲೇ. ಸ್ಟೆಮ್ (ಹ್ಯಾಂಡಲ್ ಹೊತ್ತಿರುವ ಕಾಂಡ) ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಕವಲು) ಕೊಳವೆಯೊಳಗೆ ಬಿಗಿಯಾಗಿ ನಿಂತಿರುವುದು ಅದರ ತಳದಲ್ಲಿರುವ ಬೆಣೆಯಿಂದ. ಬೋಲ್ಟ್ ಬಿಗಿದಷ್ಟೂ ಬೆಣೆ ಮೇಲಕ್ಕೇರಿ ಕೊಳವೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಬೋಲ್ಟ್ ಸಡಿಲಿಸಿದ ಮಾತ್ರಕ್ಕೆ ಅದು ತಾನಾಗಿ ಇಳಿಯದು, ಹೊಡೆದೇ ಇಳಿಸಬೇಕು. (ಫೋರ್ಕಿನ ಕೊಳವೆಯನ್ನು ಹೊರಗಿನಿಂದ ಅಪ್ಪಿಕೊಳ್ಳುವ, ಪಕ್ಕದಲ್ಲಿ ಎರಡು ಬೋಲ್ಟಿರುವ ಹೊಸ ಮಾದರಿಗೆ ಈ ಮಾತು ಅನ್ವಯಿಸದು.)

ಮೊದಲು ಮುಂದಿನ ಬ್ರೇಕಿನ ಕೇಬಲ್ ಅಥವಾ ಸರಳು ಕಳಚಿ.

ನಂತರ ಬೋಲ್ಟನ್ನು ನಾಲ್ಕು ಸುತ್ತು ಮಾತ್ರ ಸಡಿಲಿಸಿ. ಗೇರ್ ಸೈಕಲ್ಲಿಗೆ ಸಾಮಾನ್ಯವಾಗಿ 6 ಎಂಎಂ ಅಲೆನ್ ಕೀ (ಆರು ಮೂಲೆಯ ಕೀ), ಹಳೆಯ ಕಪ್ಪು ಸೈಕಲ್ಲಿಗೆ ಸ್ಪ್ಯಾನರ್. ಅಲೆನ್ ಗುಂಡಿಯಲ್ಲಿ ಮಣ್ಣು ತುಂಬಿದ್ದರೆ ಪಿನ್ನಿನಿಂದ ಕೆದಕಿ ತೆಗೆದು, ಕೀಯನ್ನು ತಳ ಮುಟ್ಟುವಂತೆ ತಟ್ಟಿ ಕೂರಿಸಿ. ಅಗ್ಗದ ಕೀ ಸೆಟ್ಟುಗಳ ಮೂಲೆ ಸವೆದು ಬೋಲ್ಟನ್ನೂ ಹಾಳು ಮಾಡುತ್ತವೆ. ಇದೊಂದಕ್ಕೆ ಒಳ್ಳೆಯ ಉಕ್ಕಿನದು ಕೊಳ್ಳಿ. ಈಗ ಬೋಲ್ಟಿನ ತಲೆ ಸುಮಾರು 5 ಎಂಎಂ ಮೇಲೆದ್ದಿರುತ್ತದೆ. ಅದರ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಗಟ್ಟಿಯಾಗಿ ಒಂದೇಟು. ಅಳುಕುತ್ತ ಹತ್ತು ಸಲ ಕುಟ್ಟಿದರೆ ಬೆಣೆ ಕದಲುವುದಿಲ್ಲ. ಬೋಲ್ಟ್ ಕೆಳಗಿಳಿದರೆ ಬೆಣೆ ಬಿಟ್ಟಿತೆಂದು ಅರ್ಥ. ಬೆಣೆ ಬಿಟ್ಟರೂ ಸ್ಟೆಮ್ ಅಲ್ಲಾಡದಿದ್ದರೆ ಹಿಡಿದಿರುವುದು ತುಕ್ಕು.

ತಾಳ್ಮೆ ಬೇಕಿರುವುದು ಇನ್ನು ಮುಂದೆ. ಹೆಚ್ಚಿನವರು ಸ್ಟೆಮ್ ಕೊಳವೆಯೊಳಗೆ ಇಳಿಯುವಲ್ಲಿರುವ ನಟ್ಟಿನ ಸುತ್ತ ಎಣ್ಣೆ ಬಿಟ್ಟು ಹತ್ತು ನಿಮಿಷಕ್ಕೇ ಎಳೆಯಲು ಶುರು ಮಾಡುತ್ತಾರೆ. ಎಣ್ಣೆ ಕೆಳಗಿನಿಂದಲೂ ಹೋಗಬೇಕು. ಮುಂದಿನ ಚಕ್ರ, ಮಡ್‌ಗಾರ್ಡ್ ಬಿಚ್ಚಿ, ಸೈಕಲ್ ತಲೆಕೆಳಗು ಮಾಡಿ, ಫೋರ್ಕಿನ ತಳದ ತೂತಿನಿಂದ ಎಣ್ಣೆ ಸುರಿಯಿರಿ. ಬೋಲ್ಟಿನ ಕಡೆಯಿಂದ ಸೋರುತ್ತದೆ, ಬಟ್ಟೆ ಹಾಸಿಡಿ. ಒಂದು ರಾತ್ರಿ ಬಿಟ್ಟು ಸೈಕಲ್ ನೇರ ನಿಲ್ಲಿಸಿ ಮೇಲಿನಿಂದ ಬಿಡಿ. ಇನ್ನೊಂದು ರಾತ್ರಿ ಕಾಯಿರಿ. ತುಕ್ಕು ಬಿಡಿಸಲೆಂದೇ ಮಾರುವ ತೆಳು ಎಣ್ಣೆಯೇ ಬೇಕು. ತೆಂಗಿನೆಣ್ಣೆಯಂತೂ ಬೇಡವೇ ಬೇಡ, ಚಳಿಗೆ ಹೆಪ್ಪುಗಟ್ಟಿ ಕೂರುತ್ತದೆ.

ಅಲ್ಯೂಮಿನಿಯಂ ಸ್ಟೆಮ್, ಉಕ್ಕಿನ ಫೋರ್ಕ್ ಇದ್ದರೆ ಕಷ್ಟ ದುಪ್ಪಟ್ಟು. ಮಳೆನೀರು, ಬೆವರು, ಕರಾವಳಿಯ ಉಪ್ಪುಗಾಳಿ ಸೇರಿ ಇವೆರಡರ ನಡುವೆ ಬಿಳಿ ಪುಡಿ ಕಟ್ಟುತ್ತದೆ. ಮೂಲ ಲೋಹಕ್ಕಿಂತ ಈ ಪುಡಿಗೆ ಹೆಚ್ಚು ಜಾಗ ಬೇಕಾದ್ದರಿಂದ ಸಂದು ಬಿಗಿದುಕೊಳ್ಳುತ್ತದೆ. ಇಂಥ ಸ್ಟೆಮ್ಮಿಗೆ ಬೆಂಕಿ ಹಿಡಿಯಬೇಡಿ: ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹೀಗಾಗಿ ಇನ್ನಷ್ಟು ಬಿಗಿಯುತ್ತದೆ. ಬದಲಿಗೆ ಉಪ್ಪು ಬೆರೆಸಿದ ಐಸನ್ನು ಚೀಲದಲ್ಲಿ ಹಾಕಿ ಸ್ಟೆಮ್ಮಿಗೆ ಅರ್ಧ ಗಂಟೆ ಕಟ್ಟಿ; ಕುಗ್ಗಿದ ಹೊತ್ತಿನಲ್ಲಿ ತಿರುಗಿಸಿ.

ಹೌದು, ಎಳೆಯುವುದಲ್ಲ, ತಿರುಗಿಸುವುದು. ಚಕ್ರವನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಬಲ ಹಾಕಿದರೆ ರಿಮ್ಮು, ಫೋರ್ಕಿನ ಕಾಲು ಎರಡೂ ತಿರುಚಿಕೊಳ್ಳುತ್ತವೆ. ಚಕ್ರ ಬಿಚ್ಚಿದ ಫೋರ್ಕಿನ ಕಾಲುಗಳ ನಡುವೆ, ಆದಷ್ಟು ಮೇಲಕ್ಕೆ, ಬಟ್ಟೆ ಸುತ್ತಿದ ಮೂರಡಿ ಮರದ ರೀಪರ್ ತೂರಿಸಿ ಇನ್ನೊಬ್ಬರ ಕೈಗೆ ಕೊಡಿ. ನೀವು ಹ್ಯಾಂಡಲ್ಲನ್ನು ಎಡಕ್ಕೆ, ಬಲಕ್ಕೆ ತಿರುಗಿಸಿ. ಕಿರ್ ಎಂಬ ಸದ್ದಿನೊಡನೆ ಕೂದಲೆಳೆಯಷ್ಟು ಕದಲಿದರೂ ಗೆದ್ದಂತೆ. ಅಲ್ಲಿಗೆ ನಿಲ್ಲಿಸಿ ಮತ್ತೆ ಎಣ್ಣೆ ಬಿಡಿ, ಆಮೇಲೆ ತಿರುಗಿಸುತ್ತಲೇ ಮೇಲೆತ್ತಿ. ಸರಾಗ ತಿರುಗಿಯೂ ಮೇಲೆ ಬಾರದಿದ್ದರೆ, ಹಿಂದೆ ಯಾರೋ ಸ್ಟೆಮ್ ಅತಿ ಎತ್ತರಿಸಿ ಬಿಗಿದು ಕೊಳವೆ ಉಬ್ಬಿಸಿರಬಹುದು. ಉಬ್ಬಿದ ಫೋರ್ಕ್ ಬದಲಿಸಲೇಬೇಕು.

ಯಾವುದಕ್ಕೂ ಬಗ್ಗದ ಅಲ್ಯೂಮಿನಿಯಂಗೆ ಗರಗಸವೇ ಗತಿ. ನಟ್ಟಿಗಿಂತ 25 ಎಂಎಂ ಮೇಲೆ ಕೊಯ್ದು, ಫೋರ್ಕ್ ಇಳಿಸಿ, ಹ್ಯಾಕ್ಸಾ ಬ್ಲೇಡನ್ನು ಒಳಗೆ ತೂರಿಸಿ ಸ್ಟೆಮ್ಮಿನ ಗೋಡೆಯನ್ನು ಉದ್ದಕ್ಕೆ ಎರಡು ಕಡೆ ಸೀಳಿ. ಕೊಳವೆಗೆ ಬ್ಲೇಡ್ ತಾಗುವ ಮುನ್ನ ನಿಲ್ಲಿಸಿ, ಉಳಿದದ್ದನ್ನು ಒಳಕ್ಕೆ ಮಡಚಿ ಕೀಳಿ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಕರಗಿಸುವುದು ನಿಜವಾದರೂ ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಕುತ್ತು, ಮನೆಯಲ್ಲಿ ಬೇಡ.

ಮತ್ತೆ ಕೂರಿಸುವಾಗ ಕೊಳವೆಯ ಒಳಗನ್ನು ಎಮೆರಿ ಕಾಗದದಿಂದ ಉಜ್ಜಿ, ಸ್ಟೆಮ್, ಬೆಣೆ, ಬೋಲ್ಟಿನ ಮರೆ (ಥ್ರೆಡ್) ಮೂರಕ್ಕೂ ಗ್ರೀಸ್ ಬಳಿಯಿರಿ. ಸ್ಟೆಮ್ ಕನಿಷ್ಠ ಎಷ್ಟು ಒಳಗಿರಬೇಕೆಂದು ಅದರ ಮೇಲೆ ಗುರುತಿಸಿದ ಗೆರೆ ಹೊರಗೆ ಕಾಣಬಾರದು. ಕರಾವಳಿಯವರು ಪ್ರತಿವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಒಮ್ಮೆ ಹೊರತೆಗೆದು ಗ್ರೀಸ್ ಹಚ್ಚಿದರೆ ಗರಗಸ ಹುಡುಕಬೇಕಾಗದು.