ಪಂಪ್‌ಸೆಟ್ ಕೈಪಿಡಿ: ಮೂಲ ಒಂದೇ, ರೂಪ ಮೂರು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಮಾಡುವ ಸಣ್ಣ ಘಟಕವೊಂದಕ್ಕೆ ನಾನು ಕೈಪಿಡಿ ಬರೆದುಕೊಡುತ್ತೇನೆ. ಓದುವವರು ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣ ಕಡೆಯ ರೈತರು ಮತ್ತು ಎಲೆಕ್ಟ್ರಿಷಿಯನ್‌ಗಳು. ಡಬ್ಬದೊಳಗೆ ಇಡಲು ಅಚ್ಚಿನ ಪ್ರತಿ ಬೇಕು, ವಾಟ್ಸಾಪ್‌ಗೆ ಪಿಡಿಎಫ್ ಬೇಕು, ಮೊಬೈಲಿನಲ್ಲಿ ಓದಲು ವೆಬ್ ಪುಟ ಬೇಕು. ಮೂರಕ್ಕೂ ಬೇರೆ ಬೇರೆ ಫೈಲು ಇಟ್ಟರೆ ಓವರ್‌ಲೋಡ್ ಸೆಟ್ಟಿಂಗ್ (ಎಷ್ಟು ಆಂಪ್ ದಾಟಿದರೆ ಮೋಟಾರು ನಿಲ್ಲಬೇಕು ಎಂಬುದು) ಒಂದರಲ್ಲಿ ಬದಲಾಗಿ ಇನ್ನೊಂದರಲ್ಲಿ ಹಳೆಯದೇ ಉಳಿಯಬಹುದು. ಆಗ ಸುಡುವುದು ರೈತನ ಮೋಟಾರು, ಅಲ್ವಾ?

ಅದಕ್ಕೇ ಮೂಲ ಒಂದೇ ಇಟ್ಟುಕೊಂಡಿದ್ದೇನೆ: ಮಾರ್ಕ್‌ಡೌನ್‌ನಲ್ಲಿ, ಅಂದರೆ ಶೀರ್ಷಿಕೆ, ಪಟ್ಟಿಗಳನ್ನು ಸರಳ ಚಿಹ್ನೆಗಳಿಂದ ಗುರುತಿಸುವ ಕ್ರಮದಲ್ಲಿ, ಬರೆದ ಸಾದಾ ಟೆಕ್ಸ್ಟ್ ಫೈಲು. ಉಳಿದ ರೂಪಗಳನ್ನೆಲ್ಲ ಪ್ಯಾಂಡಾಕ್ ಮಾಡಿಕೊಡುತ್ತದೆ. ಬರ್ಕ್‌ಲಿಯ ತತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್ 2006ರಲ್ಲಿ ಹೊರತಂದ, ಫೈಲನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಟೂಲ್ ಇದು. ವೆಬ್ ಪುಟಕ್ಕೆ ಒಂದು ಸಾಲಿನ ಕಮಾಂಡ್ ಸಾಕು, ಅಲ್ಲಿ ತಲೆನೋವಿಲ್ಲ.

ಕೆಲಸ ಇರುವುದು ಪಿಡಿಎಫ್‌ನಲ್ಲಿ. ಪ್ಯಾಂಡಾಕ್ ಪಿಡಿಎಫ್ ಅನ್ನು ತಾನೇ ಮಾಡುವುದಿಲ್ಲ, ಬೇರೆ ಎಂಜಿನ್‌ಗೆ ಒಪ್ಪಿಸುತ್ತದೆ. ನಾವು ಏನೂ ಹೇಳದಿದ್ದರೆ ಪಿಡಿಎಫ್‌ಲೇಟೆಕ್ ಎಂಬ ಎಂಜಿನ್ ಹಿಡಿಯುತ್ತದೆ. ಅದಕ್ಕೆ ಕನ್ನಡ ಆಗಿಬರುವುದಿಲ್ಲ, ಮೊದಲ ಅಕ್ಷರಕ್ಕೇ ಎರರ್ ಕೊಡುತ್ತದೆ. ಎಂಜಿನ್ ಝೀಲೇಟೆಕ್ ಎಂದು ಕಮಾಂಡಿನಲ್ಲೇ ಹೇಳಬೇಕು. ಅದು ಅಕ್ಷರ ಜೋಡಿಸಲು ಹಾರ್ಫ್‌ಬಜ್ ಎಂಬ ತಂತ್ರಾಂಶ ಬಳಸುತ್ತದೆ, ಹಾಗಾಗಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಫಾಂಟಿನ ಹೆಸರನ್ನೂ ಕೊಡಬೇಕು. ಲಿನಕ್ಸ್‌ನಲ್ಲಿ ಎಫ್‌ಸಿ-ಲಿಸ್ಟ್ ಕಮಾಂಡಿಗೆ ಕನ್ನಡ ಭಾಷೆ ಎಂದು ತಿಳಿಸಿದರೆ ಕನ್ನಡ ಬರುವ ಫಾಂಟುಗಳ ಪಟ್ಟಿ ಸಿಗುತ್ತದೆ. ನಾನು ನೋಟೋ ಸೆರಿಫ್ ಕನ್ನಡ ಬಳಸುತ್ತೇನೆ. ಹೊಸ ಫಾಂಟ್ ಬಂದರೆ ಮೊದಲು ‘ಅರ್ಥಿಂಗ್’, ‘ಶಸ್ತ್ರ’, ‘ಟ್ರಾನ್ಸ್‌ಫಾರ್ಮರ್’ ಅಚ್ಚು ಹಾಕಿ ನೋಡುತ್ತೇನೆ. ಅರ್ಕಾವತ್ತು ಜಾಗ ತಪ್ಪಿದ್ದರೆ ಆ ಫಾಂಟ್ ಬೇಡ.

ಸ್ಟಾರ್ಟರ್ ಪರದೆಯ ಸಂದೇಶಗಳನ್ನು ಕೋಡ್ ಬ್ಲಾಕ್‌ನಲ್ಲಿ, ಅಂದರೆ ಇದ್ದದ್ದನ್ನು ಇದ್ದ ಹಾಗೇ ತೋರಿಸುವ ಭಾಗದಲ್ಲಿ, ಹಾಕುತ್ತೇವೆ. ಅದಕ್ಕೆ ಬೇರೆ ಫಾಂಟ್ ಇರುತ್ತದೆ, ಅದರಲ್ಲಿ ಕನ್ನಡ ಇರದಿದ್ದರೆ ಅಕ್ಷರ ಮಾಯ. ಆದರೂ ಪಿಡಿಎಫ್ ಬಂದುಬಿಡುತ್ತದೆ. ಕಮಾಂಡ್ ಟೈಪ್ ಮಾಡಿದ ಟರ್ಮಿನಲ್‌ನಲ್ಲಿ ‘ಈ ಫಾಂಟಿನಲ್ಲಿ ಈ ಅಕ್ಷರ ಇಲ್ಲ’ ಎಂಬ ಎಚ್ಚರಿಕೆ ಬಂದಿರುತ್ತದೆ. ಅದನ್ನು ಓದದೆ ಪ್ರೆಸ್‌ಗೆ ಕಳಿಸಲೇಬೇಡಿ.

ಇನ್ನೊಂದು ಕಣ್ಣಿಗೆ ಕಾಣದ ವಿಷಯ. ‘ಪಂಪ್‌ಸೆಟ್’ ಪದದಲ್ಲಿ ಪ್ ಆದಮೇಲೆ ಜೋಡಣೆ ತಡೆಯುವ ಒಂದು ಅದೃಶ್ಯ ಅಕ್ಷರ ಇರುತ್ತದೆ. ಅದು ಇಲ್ಲದಿದ್ದರೆ ‘ಪಂಪ್ಸೆಟ್’ ಆಗುತ್ತದೆ. ಇಬ್ಬರು ಬರೆದರೆ ಎರಡೂ ರೂಪ ಸೇರಿಕೊಳ್ಳುತ್ತವೆ. ಆಗ ಪದ ಹುಡುಕುವ ಗ್ರೆಪ್ ಕಮಾಂಡಿನಲ್ಲಿ ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಇಂಥ ಪದಗಳನ್ನು ಪಟ್ಟಿಮಾಡಿ, ಪದ ಬದಲಿಸುವ ಸೆಡ್ ಕಮಾಂಡಿನಿಂದ ಒಂದೇ ರೂಪಕ್ಕೆ ತರುವ ಪುಟ್ಟ ಸ್ಕ್ರಿಪ್ಟ್ ಇಟ್ಟಿದ್ದೇನೆ. ನನ್ನ ಮಟ್ಟಿಗೆ ಇದು ಫಾಂಟಿಗಿಂತ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಈ ಕಮಾಂಡುಗಳೆಲ್ಲ ಒಂದು ಮೇಕ್‌ಫೈಲ್‌ನಲ್ಲಿವೆ. ಅದರಲ್ಲಿರುವ ಕಮಾಂಡುಗಳನ್ನು ಓಡಿಸುವ ಮೇಕ್ 1976ರ ಟೂಲ್, ಇವತ್ತಿಗೂ ಗಟ್ಟಿ. ‘ಮೇಕ್’ ಎಂದು ಟೈಪ್ ಮಾಡಿದರೆ ಮೂರೂ ರೂಪ ಸಿದ್ಧ. ಫೈಲಿನ ಇತಿಹಾಸ ಗಿಟ್‌ನಲ್ಲಿದೆ, ಪ್ರತಿ ಬದಲಾವಣೆಯನ್ನೂ ಸಾಲುಸಾಲಾಗಿ ದಾಖಲಿಸುವ ಟೂಲ್ ಅದು. ಅದಕ್ಕಾಗಿ ಒಂದು ಸಾಲಿಗೆ ಒಂದೇ ವಾಕ್ಯ ಬರೆಯುತ್ತೇನೆ. ಅಚ್ಚಿನಲ್ಲಿ ಸಾಲುಗಳು ಕೂಡಿ ಒಂದೇ ಪ್ಯಾರಾ ಆಗುತ್ತವೆ, ಗಿಟ್‌ನಲ್ಲಿ ಮಾತ್ರ ‘12 ಆಂಪ್’ ಯಾವತ್ತು, ಯಾರ ಕೈಲಿ ‘14 ಆಂಪ್’ ಆಯಿತು ಎಂದು ಆ ಸಾಲೇ ಹೇಳುತ್ತದೆ. ಎಂಜಿನಿಯರ್ ಅದೊಂದು ಸಾಲನ್ನು ನೋಡಿ ಒಪ್ಪಿಗೆ ಕೊಡುತ್ತಾರೆ.

ಸೆಲ್‌ಗಳನ್ನು ಕೂಡಿಸಬೇಕಾದ ದೊಡ್ಡ ಫಾಲ್ಟ್ ಪಟ್ಟಿಗೆ ಮಾರ್ಕ್‌ಡೌನ್‌ನ ಸಾದಾ ಟೇಬಲ್ ಸಾಲದು, ಅಲ್ಲಿ ಪ್ಯಾಂಡಾಕ್‌ನಂಥದ್ದೇ ಇನ್ನೊಂದು ಟೂಲ್ ಆಸ್ಕಿಡಾಕ್ಟರ್ ವಾಸಿ. ಆದರೆ ಅದರ ಪಿಡಿಎಫ್ ಎಂಜಿನ್ ನಮ್ಮ ಒತ್ತಕ್ಷರ ಜೋಡಿಸುವುದಿಲ್ಲ. ಎಚ್‌ಟಿಎಂಎಲ್ ತೆಗೆದು ಬ್ರೌಸರಿನಿಂದಲೇ ಪಿಡಿಎಫ್ ಮಾಡಿಕೊಳ್ಳಿ.